ಮೊದಲು ಊಟ, ಆಮೇಲೆ ಸುದ್ದಿ

ಅವರ ಎಡಗಿವಿ ಬಲಗಿವಿಗಿಂತ ಚಪ್ಪಟೆಯಾಗಿತ್ತು. ಮೊದಲ ಸಲ ನೋಡಿದವರಿಗೆ, ಚಿಕ್ಕಂದಿನಲ್ಲಿ ಯಾರೋ ಮೇಷ್ಟ್ರು ಚೆನ್ನಾಗಿ ಹಿಂಡಿರಬೇಕು ಅನ್ನಿಸುತ್ತಿತ್ತು. ನಿಜ ಬೇರೆ. ಹಡಗಿನ ರೇಡಿಯೋ ಕೋಣೆಯಲ್ಲಿ ವರ್ಷಗಟ್ಟಲೆ ಹೆಡ್‌ಫೋನು ಬಿಗಿದುಕೊಂಡು ಕೂತದ್ದಕ್ಕೆ ಆ ಕಿವಿಯ ಅಂಚು ತಲೆಗೆ ಒತ್ತಿಕೊಂಡುಬಿಟ್ಟಿತ್ತು. ಯಾರಾದರೂ ಮುಖ್ಯವಾದ ಮಾತು ಹೇಳಲು ಬಾಯಿ ತೆರೆದರೆ ಸಾಕು, ಕತ್ತು ಓರೆ ಮಾಡಿ ಆ ಚಪ್ಪಟೆ ಕಿವಿಯನ್ನೇ ಮುಂದೆ ತರುತ್ತಿದ್ದರು. ಅವರ ಬಲಗಿವಿ ಹೆಂಡತಿಯ ಮಾತಿಗೆ, ಎಡಗಿವಿ ಕೆಲಸದ ಮಾತಿಗೆ, ಅದಕ್ಕೇ ನಾನು ಹೇಳಿದ್ದೊಂದೂ ಕೇಳಿಸುವುದಿಲ್ಲ ಎಂದು ಅವರ ಹೆಂಡತಿ, ನಮ್ಮೆಲ್ಲರ ಆಂಟಿ, ರೇಗಿಸುತ್ತಿದ್ದರು.

ಕಾಕ್ಸ್‌ಟೌನಿನ ಆ ಬೀದಿಗೆಲ್ಲ ಅವರು ರೇಡಿಯೋ ಅಂಕಲ್. ನನಗೆ ಸರ್. ಸರಕು ಹಡಗುಗಳಲ್ಲಿ ರೇಡಿಯೋ ಆಫೀಸರ್ ಆಗಿದ್ದವರು. ಚುಕ್ಕೆ ಗೆರೆಗಳ ಸದ್ದಿನಲ್ಲಿ ಬರುವ ಸಂದೇಶಗಳನ್ನು ಕೇಳಿ ಬರೆದುಕೊಳ್ಳುವುದು, ಹಡಗಿನವರ ಸಂದೇಶಗಳನ್ನು ಹಾಗೆಯೇ ದಡಕ್ಕೆ ಕಳಿಸುವುದು ಅವರ ಕೆಲಸವಾಗಿತ್ತು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಹಡಗುಗಳು ಉಪಗ್ರಹದ ಮೂಲಕ ಮಾತಾಡಲು ಕಲಿತವು. ಚುಕ್ಕೆ ಗೆರೆ ಬಲ್ಲವರು ಬೇಡವಾದರು. ಜೊತೆಯವರೆಲ್ಲ ಉಪಗ್ರಹಕ್ಕೆ ಹಿಡಿಶಾಪ ಹಾಕುತ್ತ ಮನೆ ಸೇರಿದರೆ, ಇವರು ಮನೆಗೆ ಬಂದವರೇ ಉಪಗ್ರಹದ ಪುಸ್ತಕ ತಂದು ಓದಲು ಕೂತರಂತೆ. "ನನ್ನ ಕುರ್ಚೀಲಿ ಬಂದು ಕೂತವನು ಎಂಥವನು ಅಂತ ನೋಡ್ಬೇಡ್ವೇನಮ್ಮಾ?" ಎನ್ನುತ್ತಿದ್ದರು. ಹಾಗೆ ಓದಿ ಓದಿ, ಮನೆಯ ಹಿಂದಿನ ಔಟ್‌ಹೌಸಿನಲ್ಲಿ ಒಂದು ವರ್ಕ್‌ಶಾಪು ತೆರೆದರು. ಹಡಗಿನ ಮೇಲೆ ಉಪಗ್ರಹದ ಆಂಟೆನಾ ಕೂರಿಸಿ, ಹಡಗಿನ ಒಳಗೆ ವೈರ್‌ಲೆಸ್ ಇಂಟರ್ನೆಟ್ ಹಂಚುವ ಕೆಲಸ.

ಸಮುದ್ರವೇ ಇಲ್ಲದ ಬೆಂಗಳೂರಿನಲ್ಲಿ ಹಡಗಿನ ವರ್ಕ್‌ಶಾಪು! ಬೇಕರಿಯ ಮುಂದೆ ನಿಂತ ಹುಡುಗರು ಬಿಡುತ್ತಾರೆಯೇ? "ಏನ್ ಅಂಕಲ್, ಹಲಸೂರು ಕೆರೇಲಿ ಬಿಡ್ತೀರಾ ಹಡಗು?" ಎಂದು ಕಿಚಾಯಿಸುತ್ತಿದ್ದರು. ಸರ್‌ಗೆ ಸಿಟ್ಟೇ ಬರುತ್ತಿರಲಿಲ್ಲ. "ಕೆರೆ ಕ್ಲೀನ್ ಮಾಡಿಸ್ರೋ, ಬಿಡ್ತೀನಿ" ಎಂದು ಹೇಳಿ, ಕಾಲು ಅಗಲ ಹಾಕಿಕೊಂಡು ನಡೆದುಹೋಗುತ್ತಿದ್ದರು. ಫುಟ್‌ಪಾತು ಯಾವ ಕ್ಷಣದಲ್ಲಾದರೂ ವಾಲಬಹುದು ಎಂಬಂತಿತ್ತು ಅವರ ನಡಿಗೆ.

ನಾನು ಕಲಬುರಗಿ ಕಡೆಯವಳು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಬೆಂಗಳೂರಿಗೆ ಬಂದು, ಕಗ್ಗದಾಸಪುರದ ಒಂದು ಬಾಡಿಗೆ ಕೋಣೆಯಲ್ಲಿ ಅಣ್ಣನ ಸಂಸಾರದ ಜೊತೆ ಇಕ್ಕಟ್ಟಿನಲ್ಲಿ ಇದ್ದೆ. ಕೆಲಸ ಕೇಳಿಕೊಂಡು ಹೋದಲ್ಲೆಲ್ಲ ಮದುವೆ ಯಾವಾಗ ಎಂದು ಕೇಳಿ ಕೇಳಿ ನನ್ನ ತಲೆ ಕೆಡಿಸಿದ್ದರು. ಕಾಕ್ಸ್‌ಟೌನಿಗೆ ಹೋದಾಗ ಯಾರ ಮೇಲಾದರೂ ಎಗರಿಬೀಳಲು ತಯಾರಾಗಿಯೇ ಹೋಗಿದ್ದೆ. ಸರ್ ನನ್ನ ಸರ್ಟಿಫಿಕೇಟು ನೋಡಲಿಲ್ಲ. "ಊಟ ಆಯ್ತಾ?" ಎಂದರು. ಆಗಿನ್ನೂ ಬೆಳಗಿನ ಹನ್ನೊಂದು ಗಂಟೆ.

"ಇದ್ಯಾವ ಹೊತ್ತಿನ ಊಟಾರೀ?" ಎಂದೆ ನಾನು, ಸ್ವಲ್ಪ ಜೋರಾಗಿಯೇ.

ಅವರು ನಕ್ಕು ಒಳಗೆ ಕೂಗಿದರು. ಆಂಟಿ ಏನೂ ಕೇಳದೆ ಚಿತ್ರಾನ್ನ ತಂದು ಬಡಿಸಿದರು. ಆಂಟಿಯ ರೀತಿಯೇ ಅದು, ಅವರು ಯಾರನ್ನೂ ಊಟ ಆಯ್ತಾ ಎಂದು ಕೇಳುತ್ತಿರಲಿಲ್ಲ, ನೇರ ತಟ್ಟೆ ಇಡುತ್ತಿದ್ದರು. ತಟ್ಟೆ ಇಡುವ ಮೊದಲು ಸರ್ ಮೇಜಿನ ಮೇಲೆ ಒಂದು ಒದ್ದೆ ಬಟ್ಟೆ ಹಾಸಿದರು. ಹಡಗು ವಾಲಿದಾಗ ತಟ್ಟೆ ಜಾರದಿರಲಿ ಎಂದು ಹಾಸುವ ಬಟ್ಟೆ ಅದು. "ಮನೆ ಎಲ್ಲಿಗೂ ವಾಲಲ್ಲ, ಮೇಜು ಹಾಳಾಗತ್ತೆ" ಎಂದು ಆಂಟಿ ಗೊಣಗಿದರು. ಅವರ ಮದುವೆಯಾದಾಗಿನಿಂದ ಈ ಜಗಳ ನಡೆದೇ ಇತ್ತೆಂದು ಆಮೇಲೆ ಗೊತ್ತಾಯಿತು.

ನಾನು ತಿಂದು ಮುಗಿಸುವವರೆಗೂ ಸರ್ ಪೇಪರು ಓದುತ್ತ ಕೂತಿದ್ದರು. ಕೈ ತೊಳೆದು ಬಂದ ಮೇಲೆ ಹೇಳಿದರು: "ಈಗ ಕೆಟ್ಟ ಸುದ್ದಿ ಕೇಳು. ಸಂಬಳ ಕಮ್ಮಿ. ಬಿಸಿಲು ಜಾಸ್ತಿ. ಹಡಗಿನ ಕಂಬ ಹತ್ತಬೇಕು. ಹೆಣ್ಣು ಮಗು ಅಂತ ಕೆಳಗೆ ನಿಲ್ಲಿಸಿ ಸ್ಕ್ರೂಡ್ರೈವರ್ ಕೊಡೋ ಕೆಲಸ ಕೊಡಲ್ಲ ನಾನು."

"ನಮ್ಮೂರಾಗ ನೀರಿನ ಟ್ಯಾಂಕ್ ಹತ್ತಿ ಕುಂತಾಕಿ ರೀ ನಾನು," ಎಂದೆ. ಕೆಲಸ ಸಿಕ್ಕಿತು. ಸಮುದ್ರವನ್ನು ನಾನು ಅಲ್ಲಿಯವರೆಗೆ ನೋಡಿಯೇ ಇಲ್ಲ ಎಂಬುದನ್ನು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕೆಲಸಕ್ಕೆ ಸೇರಿದ ಮೇಲೆ ನೋಡುತ್ತೇನೆ, ಸರ್ ಎಲ್ಲರನ್ನೂ ಊಟ ಆಯ್ತಾ ಎಂದು ಕೇಳುವವರೇ. ಪೋಸ್ಟ್‌ಮ್ಯಾನಿಗೆ, ಹಾಲಿನವನಿಗೆ, ಕರೆಂಟಿನ ಮೀಟರ್ ನೋಡಲು ಬಂದವನಿಗೆ, ಬೆಳಗಾಗಲಿ ಸಂಜೆಯಾಗಲಿ, ಅದೇ ಪ್ರಶ್ನೆ. ಮರ್ಯಾದೆಗೆ ಎಲ್ಲರೂ ಕೇಳುತ್ತಾರೆ, ಸರಿ. ಇವರು ಮಾತ್ರ ಉತ್ತರಕ್ಕೆ ಕಾಯುತ್ತಿದ್ದರು. ಇದೇನು ಹುಚ್ಚು ಎಂದು ಒಂದು ದಿನ ನೇರವಾಗಿ ಕೇಳಿಯೇಬಿಟ್ಟೆ. ಔಟ್‌ಹೌಸಿನ ಬಾಗಿಲಲ್ಲಿ ಕೂತು ಕೇಬಲ್ಲಿನ ತುದಿ ಸುಲಿಯುತ್ತ ಸರ್ ಹೇಳಿದ ಕತೆ ಇದು.

ಅವರು ಹೊಸದಾಗಿ ಹಡಗು ಹತ್ತಿದ ಕಾಲ. ಇಂಜಿನ್ ಕೋಣೆಯ ಒಬ್ಬನಿಗೆ ಮನೆಯಿಂದ ತಂತಿ ಬಂತು, ತಾಯಿ ಹೋಗಿಬಿಟ್ಟಳೆಂದು. ಸರ್ ಬರೆದುಕೊಂಡ ಚೀಟಿ ಹಿಡಿದು ಓಡಿದರು. ಅವನು ಆಗತಾನೆ ತಟ್ಟೆಯ ಮುಂದೆ ಕೂತಿದ್ದ. ಸುದ್ದಿ ಕೇಳಿ ತಟ್ಟೆ ಪಕ್ಕಕ್ಕೆ ಸರಿಸಿದವನು ಆಮೇಲೆ ದಿನಗಟ್ಟಲೆ ಏನನ್ನೂ ಮುಟ್ಟಲಿಲ್ಲ. ದಡ ಇನ್ನೂ ದೂರ. ಮನೆಗೆ ಹೋಗುವಂತಿಲ್ಲ, ಮುಖ ನೋಡುವಂತಿಲ್ಲ. ಬಂದರು ಸಿಕ್ಕಾಗ ಅವನನ್ನು ಎತ್ತಿಕೊಂಡೇ ಇಳಿಸಬೇಕಾಯಿತು.

"ಐದು ನಿಮಿಷ ನಿಂತಿದ್ರೆ ಆ ಒಂದು ಊಟನಾದ್ರೂ ಹೊಟ್ಟೇಲಿ ಇರ್ತಿತ್ತು ಕಣಮ್ಮ," ಎಂದರು ಸರ್. "ಸುದ್ದಿ ಎಲ್ಲೂ ಓಡಿಹೋಗಲ್ಲ. ಅನ್ನ ತಣ್ಣಗಾಗತ್ತೆ. ಅವತ್ತಿಂದ ಒಂದೇ ರೂಲ್ಸು. ಮೊದಲು ಊಟ, ಆಮೇಲೆ ಸುದ್ದಿ."

"ಹಂಗಾರ ನೀವು ಊಟ ಆಯ್ತಾ ಅಂತ ಕೇಳಿದ್ ಕೂಡ್ಲೇ ಹಡಗಿನವರಿಗೆ ಗೊತ್ತಾಗ್ತಿತ್ತಲ್ಲ ಸರ್, ಏನೋ ಆಗ್ಯದ ಅಂತ?"

"ಗೊತ್ತಾಗೋಕೆ ಶುರುವಾಯ್ತು. ನಾನು ಬಂದ್ರೆ ಹುಡುಗರು ಮುಖ ಸಪ್ಪಗೆ ಮಾಡ್ಕೊಂಡು ಎದ್ದು ಹೋಗೋರು. ಅದಕ್ಕೆ ಎಲ್ಲರನ್ನೂ ಕೇಳೋಕೆ ಶುರು ಮಾಡ್ದೆ. ದಿನಾ. ಎಲ್ಲರನ್ನೂ ಕೇಳಿದ್ರೆ ಯಾರಿಗೆ ಸುದ್ದಿ ಇದೆ ಅಂತ ಯಾರಿಗೂ ಗೊತ್ತಾಗಲ್ಲ, ನೋಡು."

ನಾನು ನಕ್ಕೆ. ಅವರೂ ನಕ್ಕರು. ಆಮೇಲೆ ಮತ್ತೆ ಕೇಬಲ್ಲು ಸುಲಿಯುತ್ತ ಇನ್ನೊಂದು ಮಾತು ಹೇಳಿದರು: "ಒಬ್ಬನ ಹೆಂಡ್ತಿ ಹೆತ್ತಳು ಅಂತ ಅವನಿಗಿಂತ ಮೊದಲು ನನಗೆ ಗೊತ್ತಾಗ್ತಿತ್ತು. ಒಬ್ಬನ ಅಪ್ಪ ಸತ್ತ ಅಂತ ಅವನಿಗಿಂತ ಮೊದಲು ನನಗೆ. ಇದ್ಯಾವ ನ್ಯಾಯಾನಮ್ಮ? ಅವರ ಮನೆ ಸುದ್ದಿ ಅವರ ಕಿವಿಗೇ ಮೊದಲು ಬೀಳ್ಬೇಕು. ಅಷ್ಟೇ ಅಲ್ಲ, ತಂತೀಲಿ ಒಂದೊಂದು ಮಾತಿಗೂ ಕಾಸು. ಆಮೇಲೆ ಬಂದ ಸ್ಯಾಟಲೈಟ್ ಫೋನಲ್ಲೂ ನಿಮಿಷಕ್ಕಿಷ್ಟು ಅಂತ. ಹುಡುಗರು ಓಡೋಡ್ತಾ ಮಾತಾಡಿ ಇಡೋರು. ಮನೆಯವರ ಜೊತೆ ಸುಮ್ನೆ ಇರೋದಕ್ಕೂ ಒಂದು ಲೈನ್ ಬೇಕು. ಮಾತಿಲ್ಲದೆ. ಸುಮ್ನೆ."

ಸರ್‌ನ ಬದುಕಿನ ಆಸೆ ಅದೊಂದೇ ಆಗಿತ್ತು. ಹಡಗಿನಲ್ಲಿ ನಾವಿಕರೆಲ್ಲ ಊಟ ಮಾಡುವ ಕೋಣೆಗೆ ಮೆಸ್ ಎನ್ನುತ್ತಾರೆ. ಆ ಮೆಸ್ಸಿಗೆ ಇಂಟರ್ನೆಟ್ ತರಬೇಕು, ಅದೂ ನಿಮಿಷದ ಲೆಕ್ಕವಿಲ್ಲದ್ದು. ಕಂಪನಿಗಳಿಗೆ ಬೇಕಾಗಿದ್ದದ್ದು ಕ್ಯಾಪ್ಟನ್ನಿನ ಕೋಣೆಗೆ ಮಾತ್ರ. ಅಲ್ಲಿ ಒಂದು ವೈರ್‌ಲೆಸ್ ಪೆಟ್ಟಿಗೆ ಇಟ್ಟರೆ ಹಡಗಿಗೆಲ್ಲ ಸಿಗುವುದಿಲ್ಲವೇ ಎಂದು ನೀವು ಕೇಳಬಹುದು. ಸಿಗುವುದಿಲ್ಲ. ಹಡಗಿನ ಗೋಡೆ, ಬಾಗಿಲು, ನೆಲ, ಛಾವಣಿ ಎಲ್ಲವೂ ಕಬ್ಬಿಣ. ವೈರ್‌ಲೆಸ್ ಅಲೆಗಳಿಗೆ ಕಬ್ಬಿಣ ದಾಟಲು ಆಗುವುದಿಲ್ಲ. ಮೇಲಿನ ಕೋಣೆಯಲ್ಲಿ ಎಷ್ಟೇ ಜೋರಾದ ಪೆಟ್ಟಿಗೆ ಇಟ್ಟರೂ ಕೆಳಗಿನ ಮೆಸ್ಸಿಗೆ ಅದರ ಗಾಳಿಯೂ ಸೋಕುವುದಿಲ್ಲ. ಮೆಸ್ಸಿಗೆ ಬೇಕೆಂದರೆ ಬೇರೆ ಕೇಬಲ್ಲು ಎಳೆದು ಬೇರೆ ಪೆಟ್ಟಿಗೆ ಹಾಕಬೇಕು. ನಾವಿಕರಿಗಾಗಿ ಅಷ್ಟೆಲ್ಲ ಯಾರು ಮಾಡುತ್ತಾರೆ?

ವರ್ಷಗಟ್ಟಲೆ ಅಲೆದ ಮೇಲೆ ಒಂದು ಕಂಪನಿ ಅರ್ಧ ಮನಸ್ಸಿನಿಂದ ಒಪ್ಪಿತು. ಷರತ್ತು ಇಷ್ಟು: ಮಂಗಳೂರಿನಿಂದ ಗುಜರಾತಿಗೆ ಹೋಗುವ ಒಂದು ಸರಕು ಹಡಗಿನ ಮೆಸ್ಸಿಗೆ ಹಾಕಿ ತೋರಿಸಿ. ದಡ ಸೇರುವಷ್ಟರಲ್ಲಿ ಲೈನು ಕಡಿಯದಂತಾದರೆ ನಮ್ಮ ಎಲ್ಲ ಹಡಗುಗಳ ಮೆಸ್ಸಿಗೂ ಹಾಕಿಸುತ್ತೇವೆ. ಕೈಕೊಟ್ಟರೆ ಮೆಸ್ಸಿನ ಪೆಟ್ಟಿಗೆ ಕಿತ್ತುಕೊಂಡು ಹೋಗಿ, ಮತ್ತೆ ಆ ಮಾತು ಎತ್ತಬೇಡಿ. ಪತ್ರ ಬಂದ ದಿನ ಸರ್ ಬೇಕರಿಯಿಂದ ಪ್ಲಮ್ ಕೇಕು ತಂದು, ರೇಗಿಸುತ್ತಿದ್ದ ಹುಡುಗರಿಗೂ ಕೊಟ್ಟರು.

ಹಡಗಿನ ಆಂಟೆನಾ ಮನೆಯ ಮೇಲಿನ ಡಿಶ್ಶಿನ ಹಾಗೆ ತೆಪ್ಪಗೆ ಕೂರುವಂಥದ್ದಲ್ಲ. ಹಡಗು ಎತ್ತ ವಾಲಿದರೂ ಒಳಗಿನ ಮೋಟಾರುಗಳು ಡಿಶ್ಶನ್ನು ತಿರುಗಿಸಿ ತಿರುಗಿಸಿ ಉಪಗ್ರಹದ ಕಡೆಗೇ ಮುಖ ಮಾಡಿಸಿಡಬೇಕು. ಮೇಲೊಂದು ಬಿಳಿ ಗುಮ್ಮಟದ ಮುಚ್ಚಳ. ಇದನ್ನು ಹಡಗಿಗೆ ಒಯ್ಯುವ ಮೊದಲು ಅಲುಗಾಡಿಸಿ ಪರೀಕ್ಷೆ ಮಾಡಬೇಕಲ್ಲ. ಬೆಂಗಳೂರಿನಲ್ಲಿ ಅಲೆ ಎಲ್ಲಿಂದ ತರುವುದು? ಆಗ ನನಗೆ ಹೊಳೆಯಿತು.

"ಸರ್, ನಮ್ಮ ಕಗ್ಗದಾಸಪುರದ ರೋಡಿಗೆ ತರ್ರಿ ಅದನ್ನ. ಅಲ್ಲಿ ತಡೀತಂದ್ರ ಯಾವ ಸಮುದ್ರದಾಗಾದ್ರೂ ತಡೀತದ."

ಫ್ರೇಜರ್‌ಟೌನಿನ ಒಬ್ಬ ಭಾಯ್ ನಮ್ಮ ಸಾಮಾನು ಸಾಗಿಸುತ್ತಿದ್ದರು. ಅವರ ಲಗೇಜ್ ಆಟೋದ ಮೇಲೆ ಗುಮ್ಮಟ ಕಟ್ಟಿ, ಬ್ಯಾಟರಿ ಇಟ್ಟು, ನಾನು ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತೆ. ಮಳೆ ಬಂದು ಹೋದ ವಾರ. ರಸ್ತೆ ಅಗೆದವರು ಮುಚ್ಚದೆ ಹೋಗಿದ್ದರು. ಭಾಯ್ ಒಂದು ಗುಂಡಿಯನ್ನೂ ಬಿಡಲಿಲ್ಲ. "ಸಾಬ್, ಯೇ ಗಡ್ಡಾ ಭೀ ಲೇವೂಂ ಕ್ಯಾ?" ಎಂದು ಕೇಳಿ ಕೇಳಿ ಇಳಿಸುತ್ತಿದ್ದರು. "ಬಿಡಬೇಡ ಭಾಯ್, ಅದೂ ತಗೋ!" ಎಂದು ಮುಂದಿನಿಂದ ಸರ್. ರೈಲ್ವೆ ಗೇಟಿನಲ್ಲಿ ನಿಂತಾಗ ಸೊಪ್ಪಿನ ಗಾಡಿಯವರು, ಸ್ಕೂಟರಿನವರು ಎಲ್ಲ ಸುತ್ತ ನೆರೆದರು.

"ಏನ್ ಗುರು ಇದು, ಇಷ್ಟು ದೊಡ್ಡ ಮೊಟ್ಟೆ?"

"ಹಡಗಿಂದು," ಎಂದೆ.

"ಹಡಗು ಎಲ್ಲಿ ಮೇಡಂ?"

"ಹಿಂದ್ ಬರ್ಲತ್ತದ, ದಾರಿ ಬಿಡ್ರಿ," ಎಂದೆ. ಸರ್ ನಕ್ಕು ನಕ್ಕು ಕಣ್ಣು ಒರೆಸಿಕೊಂಡರು.

ಗುಂಡಿಗೆ ಬಿದ್ದಾಗಲೆಲ್ಲ ಲೈನು ಕಡಿಯುತ್ತಿತ್ತು. ನಾನು ಸೆಟ್ಟಿಂಗು ಬದಲಿಸುತ್ತ ಹೋದೆ. ಸಣ್ಣ ಕುಲುಕು ಕಂಡರೂ ಸಾಕು, ಡಿಶ್ಶು ಥಟ್ಟನೆ ತಿರುಗುವಂತೆ ಬಿಗಿ ಮಾಡಿದೆ. ಕೆಲವು ದಿನ ಹಾಗೆ ಓಡಾಡಿದ ಮೇಲೆ, ಎಂಥ ಗುಂಡಿಗೆ ಇಳಿದರೂ, ಲೈನು ಇದೆ ಎಂದು ತೋರಿಸುವ ಹಸಿರು ದೀಪ ಆರದಂತಾಯಿತು. ನಮ್ಮಿಬ್ಬರಿಗೂ ಏನು ಜಂಬ ಅಂತೀರಿ! ಕಗ್ಗದಾಸಪುರ ಗೆದ್ದವರಿಗೆ ಅರಬ್ಬಿ ಸಮುದ್ರ ಯಾವ ಲೆಕ್ಕ?

ಮಂಗಳೂರಿನಲ್ಲಿ ನಾನು ಮೊದಲ ಸಲ ಸಮುದ್ರ ನೋಡಿದೆ. ನೋಡುತ್ತ ನಿಲ್ಲಲು ಪುರುಸೊತ್ತಿರಲಿಲ್ಲ, ಕಂಬ ಹತ್ತಬೇಕಿತ್ತು. ಗುಮ್ಮಟ ಕೂರಿಸಿ, ಕಬ್ಬಿಣದ ಗೋಡೆಗಳಲ್ಲಿ ತೂತು ಹುಡುಕಿ ಹುಡುಕಿ ಮೆಸ್ಸಿಗೆ ಕೇಬಲ್ಲು ಎಳೆದೆವು. ಅಲ್ಲೊಂದು ವೈರ್‌ಲೆಸ್ ಪೆಟ್ಟಿಗೆ, ಒಂದು ಕಂಪ್ಯೂಟರು, ಅದಕ್ಕೆ ಸಿಕ್ಕಿಸಿದ ಹೆಡ್‌ಫೋನು. ಇಂಟರ್ನೆಟ್ಟಿನ ಮೂಲಕ ಮನೆಯ ಫೋನಿಗೇ ಕರೆ ಹೋಗುವಂತೆ ಮಾಡಿದ್ದೆವು. ಬಂದರಿನಲ್ಲಿ ಎಲ್ಲ ಚೆನ್ನಾಗಿ ನಡೆಯಿತು. ಕ್ಯಾಪ್ಟನ್ನಿಗೆ ಮಾತ್ರ ಸಮಾಧಾನವಿರಲಿಲ್ಲ.

"ಹುಡುಗರು ಕೆಲಸ ಬಿಟ್ಟು ಇಲ್ಲೇ ಕೂರ್ತಾರೆ," ಎಂದರು ಅವರು ಇಂಗ್ಲಿಷಿನಲ್ಲಿ.

"ಮನೆ ಕಡೆ ಏನಾಗ್ತಿದೆ ಅಂತ ಗೊತ್ತಿಲ್ಲದ ಹುಡುಗ ಎಂಥ ಕೆಲಸ ಮಾಡ್ತಾನೆ ಅಂತ ನಾನು ನೋಡಿದ್ದೀನಿ ಸಾರ್," ಎಂದರು ನಮ್ಮ ಸರ್, ಅದೇ ಇಂಗ್ಲಿಷಿನಲ್ಲಿ. ಎಷ್ಟು ಮೆತ್ತಗೆ ಹೇಳಿದರೆಂದರೆ ಕ್ಯಾಪ್ಟನ್ ತಲೆಯಾಡಿಸಿ ಹೊರಟುಹೋದರು.

ಆ ಹಡಗಿನ ಅಡುಗೆಯವರು ಕುಂದಾಪುರ ಕಡೆಯವರು. ಅವರ ಮಗಳ ಎಸ್ಸೆಸ್ಸೆಲ್ಸಿ ರಿಸಲ್ಟು ನಾವು ಸಮುದ್ರದ ಮೇಲಿರುವಾಗಲೇ ಬರುವುದಿತ್ತು. ಹಿಂದಿನ ವರ್ಷ ಆ ಹುಡುಗಿ ಗಣಿತದಲ್ಲಿ ಬಿದ್ದಿದ್ದಳು. ಅಪ್ಪನಿಗೆ ಆ ಸುದ್ದಿ ತಿಳಿದದ್ದು ವಾರಗಳ ನಂತರ, ಬಂದರು ಮುಟ್ಟಿದ ಮೇಲೆ. ಅಷ್ಟು ದಿನ ಅಪ್ಪ ಸಿಟ್ಟು ಮಾಡಿಕೊಂಡೇ ಮಾತಾಡುತ್ತಿಲ್ಲ ಎಂದು ತಿಳಿದು ಮಗಳು ಮೂಲೆ ಹಿಡಿದು ಕೂತಿದ್ದಳಂತೆ. "ಈ ಸರ್ತಿ ಪಾಸಾಗ್ಲಿ, ಫೇಲಾಗ್ಲಿ, ಅವತ್ತೇ ನನ್ನ ದನಿ ಅವಳಿಗೆ ಕೇಳ್ಬೇಕು ಮಾರಾಯ್ರೆ," ಎಂದರು ಅಡುಗೆಯವರು. ಸರ್ ತಮ್ಮ ಚಪ್ಪಟೆ ಕಿವಿ ಮುಂದೆ ತಂದು ಅದನ್ನು ಕೇಳಿಸಿಕೊಂಡರು. "ಕೇಳತ್ತೆ," ಎಂದರು.

ಹಡಗು ಬಂದರು ಬಿಟ್ಟು ತೆರೆದ ಸಮುದ್ರಕ್ಕೆ ಬಂದದ್ದೇ ತಡ, ಹಸಿರು ದೀಪ ಆರಿತು. ಮತ್ತೆ ಹತ್ತಿತು. ಮತ್ತೆ ಆರಿತು. ನನಗೆ ಜೀವ ಬಾಯಿಗೆ ಬಂದಂತಾಯಿತು. ಅದೂ ಸಾಲದೆಂದು ಹೊಟ್ಟೆಯಲ್ಲಿದ್ದದ್ದೂ ಬಾಯಿಗೆ ಬಂತು. ಒಂದು ಬಕೆಟ್ಟು ಪಕ್ಕದಲ್ಲಿಟ್ಟುಕೊಂಡು ಸೆಟ್ಟಿಂಗನ್ನು ಇನ್ನೂ ಬಿಗಿ ಮಾಡಿದೆ. ಲೈನು ಇನ್ನೂ ಬೇಗ ಬೇಗ ಕಡಿಯತೊಡಗಿತು. ಕ್ಯಾಪ್ಟನ್ ಎರಡು ಸಲ ಬಂದು ದೀಪ ನೋಡಿಕೊಂಡು ಹೋದರು. ಮಾರನೆಯ ದಿನವೇ ರಿಸಲ್ಟು. ಅಂದಿನ ಸಾಂಬಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು. ಎಲ್ಲರೂ ನೀರು ಕುಡಿದುಕೊಂಡು ತಿಂದರು.

ರಿಸಲ್ಟಿನ ದಿನ ಬೆಳಗ್ಗೆ ನನಗೆ ಅಳುವೇ ಬಂದುಬಿಟ್ಟಿತು. "ಆಗಂಗಿಲ್ಲ ಬಿಡ್ರಿ ಸರ್. ಪೆಟ್ಟಿಗೆ ಕಿತ್ತಾಕೋಣ," ಎಂದೆ.

"ಊಟ ಆಯ್ತಾ?" ಎಂದರು ಸರ್.

ನನಗೆ ಮೈಯೆಲ್ಲ ಉರಿದುಹೋಯಿತು. "ಊಟ ಅಂತ ಊಟ! ತಿಂದಿದ್ದು ಒಳಗ್ ನಿಲ್ಲಲ್ದು, ಇವರ ಊಟ ಒಂದು!"

ಅವರು ಬೈಸಿಕೊಂಡೇ ಒದ್ದೆ ಬಟ್ಟೆ ಹಾಸಿ, ಒಣ ಬ್ರೆಡ್ಡು ಇಟ್ಟು, ನಾನು ಅದನ್ನು ನುಂಗುವವರೆಗೂ ಎದುರಿಗೆ ಕೂತರು. ಆಮೇಲೆ, "ಈಗ ಕಣ್ಣು ಮುಚ್ಚು," ಎಂದರು. ಮುಚ್ಚಿದೆ. "ಹೇಳು, ಇಲ್ಲಿ ಕಗ್ಗದಾಸಪುರ ಇದೆಯಾ?"

ಹಡಗು ಹೊರಟಾಗಿನಿಂದ ಆ ಸಮುದ್ರಕ್ಕೆ ಬಯ್ಯುತ್ತಲೇ ಇದ್ದೆನೇ ಹೊರತು, ಅದು ಹೇಗೆ ಅಲುಗಾಡುತ್ತಿದೆ ಎಂದು ಗಮನಿಸಿರಲಿಲ್ಲ. ಹಡಗು ನಿಧಾನವಾಗಿ ಒಂದು ಕಡೆಗೆ ವಾಲಿತು. ತುಂಬ ಹೊತ್ತು ವಾಲಿತು. ತುದಿಯಲ್ಲಿ ಒಂಚೂರು ನಿಂತು, ಅಷ್ಟೇ ನಿಧಾನವಾಗಿ ಈ ಕಡೆಗೆ ಬಂತು.

"ಇಲ್ಲ ಸರ್," ಎಂದೆ. "ಇಲ್ಲಿ ಗುಂಡಿ ಇಲ್ಲ. ತೊಟ್ಟಿಲು ತೂಗಿದಂಗ ಅದ."

"ತೊಟ್ಟಿಲು!" ಸರ್ ಮೇಜು ಕುಟ್ಟಿದರು. "ನಾವು ಮಗೂನ ತಂದು ಲಗೇಜ್ ಆಟೋಲಿ ಬೆಳೆಸಿದ್ವಲ್ಲಮ್ಮಾ! ಇಷ್ಟು ವರ್ಷ ಸಮುದ್ರದಲ್ಲಿದ್ದು ನನಗೇ ಮರೆತುಹೋಯ್ತು ನೋಡು. ನಮ್ಮ ಮನೆ ಉಯ್ಯಾಲೆ ಮೇಲಿಟ್ಟು ತೂಗಿದ್ರೆ ಸಾಕಿತ್ತು!"

ಆಗಿದ್ದದ್ದು ಇಷ್ಟೇ. ಗುಂಡಿಗೆಂದು ನಾವು ಕಲಿಸಿದ ಡಿಶ್ಶು ವಾಲಾಟ ಶುರುವಾದ ಕೂಡಲೇ ಅವಸರಪಟ್ಟು ಎಗರುತ್ತಿತ್ತು. ಉಪಗ್ರಹವನ್ನು ದಾಟಿ ಮುಂದೆ ಹೋಗಿ, ಗಾಬರಿಯಾಗಿ ಹಿಂದೆ ಬಂದು, ಮತ್ತೆ ದಾಟುತ್ತಿತ್ತು. ನಾನು ಬಿಗಿ ಮಾಡಿದಷ್ಟೂ ಅದರ ಗಾಬರಿ ಹೆಚ್ಚುತ್ತಿತ್ತು. ಬಿಗಿ ಮಾಡಿದ್ದನ್ನೆಲ್ಲ ಸಡಿಲ ಬಿಟ್ಟೆ. ನಿಧಾನ, ಇನ್ನೂ ನಿಧಾನ ಎಂದು ಸರ್ ನನ್ನ ಹಿಂದೆ ನಿಂತು ಹಡಗು ವಾಲುವ ಹದಕ್ಕೆ ಕೈ ಆಡಿಸುತ್ತಿದ್ದರು, ತೊಟ್ಟಿಲು ತೂಗುವವರಂತೆಯೇ. ಹಸಿರು ದೀಪ ಹತ್ತಿತು. ಹಡಗು ವಾಲಿತು, ದೀಪ ಆರಲಿಲ್ಲ. ಆ ಕಡೆ ವಾಲಿತು, ಆರಲಿಲ್ಲ.

ಮಧ್ಯಾಹ್ನದ ಊಟದ ಹೊತ್ತಿಗೆ ಮೆಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಡುಗೆಯವರು ನಂಬರು ಹೇಳುತ್ತ ಹೋದರು, ನಾನು ಒತ್ತಿದೆ. ಅವರಿಗೆ ಹೆಡ್‌ಫೋನು ಹಾಕಿಸುವ ಮೊದಲು ಸರ್ ಕೇಳಿದರು, ಊಟ ಆಯ್ತಾ ಎಂದು. ಅಡುಗೆಯವರು ಹೂಂ ಎಂದರು.

"ಅಪ್ಪಾ," ಎಂದು ಕುಂದಾಪುರದ ಒಂದು ದನಿ ಹೆಡ್‌ಫೋನಿನ ಅಂಚಿನಿಂದ ನಮಗೂ ಸಣ್ಣಗೆ ಕೇಳಿಸಿತು. ಅದು ಅಳುತ್ತಿತ್ತು. ಅಡುಗೆಯವರು, "ಹೋಗ್ಲಿ ಬಿಡು ಮಗಾ, ಹೋಗ್ಲಿ ಬಿಡು," ಎನ್ನತೊಡಗಿದರು. ಆ ಕಡೆಯಿಂದ ಏನೋ ಹೇಳಿರಬೇಕು. ಕುರ್ಚಿಯಿಂದ ಅರ್ಧ ಎದ್ದು, "ಪಾಸ್ ಮಾರಾಯ್ರೆ! ಪಾಸಾಗಿ ಯಾಕೆ ಅಳ್ತಾಳೆ ಇವಳು?" ಎಂದು ನಮ್ಮನ್ನು ಕೇಳಿದರು. ಹಾಗೆ ಕೇಳಿದ ಅವರೂ ಅಳುತ್ತಿದ್ದರು.

ಆಮೇಲೆ ಇಬ್ಬರಿಗೂ ಮಾತು ಮುಗಿಯಿತು. ಅಭ್ಯಾಸಬಲದಿಂದ ಅವರು, "ಇಡ್ತೇನೆ ಮಗಾ, ಬಿಲ್ಲು..." ಎಂದು ಶುರು ಮಾಡಿದರು. ಸರ್ ಭುಜದ ಮೇಲೆ ಕೈಯಿಟ್ಟು ತಡೆದರು. "ಇಡ್ಬೇಡಿ. ನಿಮಿಷದ ಲೆಕ್ಕ ಇಲ್ಲ. ಸುಮ್ನೆ ಇರಿ." ಅವರು ಸುಮ್ಮನೆ ಕೂತರು. ಮಗಳೂ ಆ ಕಡೆ ಸುಮ್ಮನೆ ಕೂತಿದ್ದಿರಬೇಕು. ಎಷ್ಟೋ ಹೊತ್ತಾದ ಮೇಲೆ ಅಡುಗೆಯವರು ತಟ್ಟನೆ, "ಮೂರು ವಿಷಲ್ ಆಯ್ತಲ್ಲೇ, ಕುಕ್ಕರ್ ಇಳಿಸು," ಎಂದರು. ಮೆಸ್ಸಿಗೆ ಮೆಸ್ಸೇ ಗೊಳ್ಳೆಂದು ನಕ್ಕಿತು. ಬಾಗಿಲಲ್ಲಿ ನಿಂತಿದ್ದ ಕ್ಯಾಪ್ಟನ್ನಿಗೆ ಕನ್ನಡ ಬರುತ್ತಿರಲಿಲ್ಲ, ಯಾರೋ ಹೇಳಿದ ಮೇಲೆ ಅವರೂ ನಕ್ಕರು. ಸರ್ ಮಾತ್ರ ನಗಲಿಲ್ಲ. ಗೋಡೆಯ ಕಡೆ ತಿರುಗಿ ಕನ್ನಡಕ ಒರೆಸುತ್ತಿದ್ದರು.

ಅಲ್ಲಿಂದ ಗುಜರಾತಿನ ದಡ ಮುಟ್ಟುವವರೆಗೂ ಲೈನು ಕಡಿಯಲಿಲ್ಲ. ಆ ಕಂಪನಿಯ ಎಲ್ಲ ಹಡಗುಗಳ ಮೆಸ್ಸಿಗೂ ನಾವೇ ಪೆಟ್ಟಿಗೆ ಹಾಕಿದೆವು. ಅಲ್ಲಿಂದ ಮುಂದೆ ಪ್ರತಿ ಆಂಟೆನಾಕ್ಕೂ ಆಂಟಿಯ ಉಯ್ಯಾಲೆಯೇ ಪರೀಕ್ಷೆ. ಕಬ್ಬಿಣದ ಸ್ಟ್ಯಾಂಡಿನ ಉಯ್ಯಾಲೆ ಅದು, ವರಾಂಡದಿಂದ ಎಳೆದು ಅಂಗಳದ ಬಯಲಿಗೆ ತರುತ್ತಿದ್ದೆವು. "ನನಗೆ ಸಂಜೆ ಕೂರೋಕೆ ಜಾಗ ಇಲ್ಲ, ಈ ಬಿಳಿ ಮಹಾರಾಣಿ ಬಂದು ಕೂತವಳೆ," ಎಂದು ಆಂಟಿ ಬಯ್ಯುತ್ತಿದ್ದರು. ಬಯ್ಯುತ್ತಲೇ ಬಂದು, ಅದನ್ನು ತೂಗುವುದಕ್ಕೂ ಅವರೇ ನಿಲ್ಲುತ್ತಿದ್ದರು.

ಕೆಲವು ವರ್ಷಗಳ ನಂತರ ಸರ್‌ಗೆ ಎದೆನೋವು ಬಂತು. ಏಣಿ ಹತ್ತಕೂಡದು ಎಂದರು ಡಾಕ್ಟರು. ಹಡಗಿನ ಕೆಲಸಕ್ಕೆ ನಾನೊಬ್ಬಳೇ ಹೋಗತೊಡಗಿದೆ. ಮೊದಲ ಸಲ ಹೊರಟಾಗ ಗೇಟಿನವರೆಗೆ ಬಂದರು. ಏನಾದರೂ ದೊಡ್ಡ ಮಾತು ಹೇಳುತ್ತಾರೇನೋ ಎಂದು ನಿಂತೆ. "ಮೆಸ್ಸಿನ ಪೆಟ್ಟಿಗೆ ಮೊದಲು ಹಾಕು. ಕ್ಯಾಪ್ಟನ್ ಕಾಯ್ತಾನೆ," ಎಂದರು, ಅಷ್ಟೇ. ನಾನು ಎಲ್ಲೇ ಇರಲಿ, ಲೈನು ಬಂದ ದಿನದಿಂದ ಮಧ್ಯಾಹ್ನದ ಹೊತ್ತಿಗೆ ಮೆಸ್ಸಿನ ಫೋನಿಗೆ ಅವರ ಕರೆ ಬರುತ್ತಿತ್ತು. ಉಯ್ಯಾಲೆಯಲ್ಲಿ ಕೂತೇ ಮಾಡುತ್ತಿದ್ದರು, ಸರಪಳಿಯ ಕಿರಿಕಿರಿ ನನಗೆ ಕೇಳಿಸುತ್ತಿತ್ತು. ಊಟ ಆಯ್ತಾ ಎಂದು ಕೇಳಿ, ಉತ್ತರ ಸಿಕ್ಕ ಮೇಲೆ ಕೆಲಸದ ಮಾತು.

ಒಂದು ಮಧ್ಯಾಹ್ನ, ಸೌರಾಷ್ಟ್ರದ ಕಡೆಯ ಸಮುದ್ರದಲ್ಲಿ ಹಡಗಿನ ಮೇಲಿದ್ದೆ. ಮೆಸ್ಸಿನಲ್ಲಿ ಆಗತಾನೆ ಬಡಿಸಲು ಶುರು ಮಾಡಿದ್ದರು. ಫೋನು ಬಂತು. "ಸರ್, ಲೈನು ಚಲೋ ನಿಂತದ," ಎಂದು ಉತ್ಸಾಹದಿಂದ ಶುರು ಮಾಡಿದೆ.

ಆ ಕಡೆ ಆಂಟಿ. "ಊಟ ಆಯ್ತಾ?" ಎಂದರು.

ಅಷ್ಟು ವರ್ಷಗಳಲ್ಲಿ ಆಂಟಿ ನನ್ನನ್ನು ಆ ಪ್ರಶ್ನೆ ಕೇಳಿದ್ದೇ ಇಲ್ಲ. ಆಯ್ತು ಎಂದು ಸುಳ್ಳು ಹೇಳಿಬಿಡಬಹುದಿತ್ತು. ಬಾಯಿ ಬರಲಿಲ್ಲ.

"ಇಲ್ಲ ಆಂಟಿ."

"ಹೋಗು. ತಿಂದ್ಕೊಂಡು ಬಾ. ನಾನು ಲೈನಲ್ಲೇ ಇರ್ತೀನಿ."

ನಾನು ಹೋಗಿ ಮೇಜಿನ ಮುಂದೆ ಕೂತೆ. ಒದ್ದೆ ಬಟ್ಟೆ ಹಾಸಿತ್ತು, ತಟ್ಟೆ ಜಾರಲಿಲ್ಲ. ಅನ್ನ, ಬೇಳೆ, ಆಲೂಗಡ್ಡೆ ಪಲ್ಯ. ಕಣ್ಣಿಂದ ನೀರು ಸುರಿಯುತ್ತಿತ್ತು, ಎದುರಿಗಿದ್ದ ಹುಡುಗರು ಯಾಕೆ ದೀದಿ ಎಂದು ಕೇಳುತ್ತಿದ್ದರು. ನಾನು ತಿನ್ನುತ್ತ ಹೋದೆ. ಒಂದೊಂದು ತುತ್ತನ್ನೂ ನೀರು ಕುಡಿದು ಇಳಿಸಿದೆ. ಒಂದು ಅಗುಳೂ ಬಿಡಲಿಲ್ಲ. ತಟ್ಟೆ ತೊಳೆದಿಟ್ಟು, ಕೈ ಒರೆಸಿಕೊಂಡು, ಮತ್ತೆ ಹೆಡ್‌ಫೋನು ಹಾಕಿಕೊಂಡೆ. ಎಡಗಿವಿಯ ಮೇಲೆ ಒತ್ತಿ ಹಿಡಿದೆ.

"ಆಯ್ತು ಆಂಟಿ," ಎಂದೆ.

ಆಂಟಿ ಹೇಳಿದರು. ಬೆಳಗ್ಗೆ ಕಾಫಿ ಕುಡಿದು ಉಯ್ಯಾಲೆಯಲ್ಲಿ ಕೂತವರು, ಅಲ್ಲಿಯೇ, ನೋವಿಲ್ಲದೆ ಹೋದರಂತೆ. ಹೇಳಿ ಮುಗಿದ ಮೇಲೆ ಅವರಿಗೂ ಮಾತಿರಲಿಲ್ಲ, ನನಗೂ ಇರಲಿಲ್ಲ. ಇಬ್ಬರೂ ಇಡಲಿಲ್ಲ. ಕಾಕ್ಸ್‌ಟೌನಿನಲ್ಲಿ ಒಂದು ಕಾಗೆ ಕೂಗುವುದು ಕೇಳಿಸಿತು. ಗೇಟು ತೆಗೆಯುವ ಸದ್ದು, ಯಾರೋ ಮೆಲ್ಲಗೆ ಒಳಗೆ ಬರುವ ಸದ್ದು, ಆಂಟಿ ಕೂತಿದ್ದ ಉಯ್ಯಾಲೆಯ ಸರಪಳಿ. ಇಲ್ಲಿ ಹಡಗು ನಿಧಾನವಾಗಿ ವಾಲುತ್ತಿತ್ತು, ಹಸಿರು ದೀಪ ಉರಿಯುತ್ತಲೇ ಇತ್ತು. ನಾವು ಸುಮ್ಮನೆ ಇದ್ದೆವು.